ಕಪ್ಪು ಕಾರು, ಒಂದೂವರೆ ದಿನ: ಏನು ಮಾಡಬೇಕು, ಏನು ಬಿಡಬೇಕು

ಕಾರು ತೊಳೆಯೋದು, ಪಾಲಿಶ್ ಮಾಡೋದರ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ತಪ್ಪದೇ ಬರ್ತಾನೇ ಇರುತ್ತೆ. ಕಪ್ಪು ಕಾರು, ಇಲ್ಲಾ ಕಡುನೀಲಿ, ಇಲ್ಲಾ ಗಾಢ ಕಂದು. ಬಿಸಿಲಲ್ಲಿ ನಿಲ್ಲಿಸಿದ್ರೆ ಬಾನೆಟ್ ತುಂಬಾ ಜೇಡರ ಬಲೆ ಥರ ಗೀರು. ಇನ್ನೆರಡು ದಿನದಲ್ಲಿ ಊರಿಗೆ ಹೊರಡಬೇಕು, ಮದುವೆಯೋ ಗೃಹಪ್ರವೇಶವೋ ಇದೆ. ಅಥವಾ ಕಾರು ಕೊಳ್ಳೋರು ಭಾನುವಾರ ನೋಡೋಕೆ ಬರ್ತಿದ್ದಾರೆ. ಅಷ್ಟರೊಳಗೆ ಏನಾದ್ರೂ ಆಗುತ್ತಾ?

ಆಗುತ್ತೆ. ಎಲ್ಲಾ ಆಗಲ್ಲ. ಸಮಯ ಕಮ್ಮಿ ಇದ್ದಾಗ ಯಾವ ಕೆಲಸಕ್ಕೆ ಕೈ ಹಾಕಬೇಕು, ಯಾವುದನ್ನ ಮುಟ್ಟದೇ ಬಿಡಬೇಕು ಅನ್ನೋದು ಇವತ್ತಿನ ಮಾತು. ವಿಡಿಯೋದಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ತಿದ್ದಿ, ಅಲ್ಲಿ ಬಿಟ್ಟುಹೋದ ಲೆಕ್ಕಗಳನ್ನ ಸೇರಿಸಿ ಬರೆದಿದ್ದೀನಿ.

ಮೊದಲು, ಕಪ್ಪು ಬಣ್ಣದಲ್ಲೇ ಯಾಕೆ ಇಷ್ಟು ಕಾಣುತ್ತೆ? ಗೀರು ಬಿಳಿ ಕಾರಿಗೂ ಅಷ್ಟೇ ಬಿದ್ದಿರುತ್ತೆ. ಕಾರಿನ ಬಣ್ಣದ ಮೇಲೆ ಪಾರದರ್ಶಕವಾದ ಒಂದು ಪದರ ಇರುತ್ತೆ, ಕ್ಲಿಯರ್ ಕೋಟ್ ಅಂತ. ಗೀರು ಬೀಳೋದು ಆ ಪದರಕ್ಕೆ, ಕೆಳಗಿರುವ ಬಣ್ಣಕ್ಕಲ್ಲ. ನೇರವಾಗಿ ಬಿದ್ದ ಬೆಳಕಿನಲ್ಲಿ ಆ ಪದರದ ಮೇಲ್ಮೈ ಕನ್ನಡಿ ಹಾಗೆ ವಾಪಸ್ ಕಳಿಸೋದು ಬರೀ ಶೇ. 4ರಷ್ಟು. ಉಳಿದದ್ದು ಒಳಗೆ ಹೋಗುತ್ತೆ. ಕೆಳಗೆ ಬಿಳಿ ಬಣ್ಣ ಇದ್ರೆ ಅದರಲ್ಲಿ ಬಹುಪಾಲು ಚದುರಿ ಹೊರಗೆ ಬರುತ್ತೆ, ಕಣ್ಣು ತುಂಬಾ ಬೆಳಕು. ಅದರ ನಡುವೆ ಒಂದು ಗೀರು ಚೂರು ಮಿನುಗಿದ್ರೂ ಗೊತ್ತಾಗಲ್ಲ. ಕೆಳಗೆ ಕಪ್ಪು ಇದ್ರೆ ಒಳಗೆ ಹೋದದ್ದು ಅಲ್ಲೇ ಮುಗೀತು. ಆಗ ಗೀರಿನ ಅಂಚಿಂದ ಚದುರುವ ಸಣ್ಣ ಬೆಳಕು ಕತ್ತಲ ಮೇಲೆ ಬೆಳ್ಳಿ ದಾರದ ಹಾಗೆ ಎದ್ದು ಕಾಣುತ್ತೆ. ಕಪ್ಪು ಕಾರಿನ ಹೊಳಪು ಅಷ್ಟು ಆಳವಾಗಿ ಕಾಣೋದಕ್ಕೂ ಇದೇ ಕಾರಣ.

ಇನ್ನೊಂದು. ಆ ಗೀರುಗಳು ವೃತ್ತಾಕಾರದಲ್ಲಿ ಇವೆ ಅಂತ ನಾವಂದುಕೊಳ್ತೀವಿ, ಯಾರೋ ಬಟ್ಟೆ ಸುತ್ತಿಸಿ ಸುತ್ತಿಸಿ ಒರೆಸಿದ್ದಾರೆ ಅಂತ ಬೈತೀವಿ. ಹಾಗೇನಿಲ್ಲ. ಅಡುಗೆಮನೆಯ ಹಳೇ ಸ್ಟೀಲ್ ತಟ್ಟೆಯನ್ನ ಬಲ್ಬಿನ ಕೆಳಗೆ ಹಿಡಿದು ನೋಡಿ. ಬಲ್ಬಿನ ಬಿಂಬದ ಸುತ್ತ ಉಂಗುರ ಉಂಗುರವಾಗಿ ಗೀರು ಕಾಣುತ್ತೆ. ತಟ್ಟೆ ಪಕ್ಕಕ್ಕೆ ಸರಿಸಿ, ಉಂಗುರವೂ ಬಿಂಬದ ಜೊತೆಗೇ ಸರಿಯುತ್ತೆ. ಗೀರು ಎಲ್ಲಾ ದಿಕ್ಕಿಗೂ ಇವೆ, ಬೆಳಕಿಗೆ ಅಡ್ಡವಾಗಿ ಇರೋವಷ್ಟೇ ಹೊಳೀತವೆ, ಅಷ್ಟೇ. ಹಾಗಾಗಿ ಉದ್ದಕ್ಕೆ ಒರೆಸಿದ್ರೆ ಏನೂ ಆಗಲ್ಲ ಅನ್ನೋ ಸಮಾಧಾನವೂ ಬೇಡ. ಧೂಳಿನ ಮೇಲೆ ಒಣಬಟ್ಟೆ ಯಾವ ದಿಕ್ಕಿಗೆ ಆಡಿಸಿದ್ರೂ ಗೀರು ಗೀರೇ.

ಈ ಒಣಬಟ್ಟೆ ವಿಷಯ ಪುಣೆ, ಮುಂಬೈ, ದೆಹಲಿಯ ಸೊಸೈಟಿಗಳಲ್ಲಿ ಇರೋರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಗ್ಗೆ 6 ಗಂಟೆಗೆ ಒಂದು ಬಕೆಟ್ಟು, ಒಂದು ಬಟ್ಟೆ, ಹದಿನೈದು ಕಾರು. ಒರೆಸೋ ಹುಡುಗನನ್ನ ನಾನು ದೂರಲ್ಲ. ಅವನಿಗೆ ಕೊಡುವ ದುಡ್ಡಿಗೆ, ಸಿಗುವ ನೀರಿಗೆ ಅದಕ್ಕಿಂತ ಹೆಚ್ಚು ಮಾಡೋಕೆ ಬರಲ್ಲ. ಕಪ್ಪು ಕಾರಿದ್ರೆ "ದಿನಾ ಬೇಡ, ವಾರಕ್ಕೊಮ್ಮೆ ನೀರು ಸುರಿದು ತೊಳಿ, ದುಡ್ಡು ಅಷ್ಟೇ ಕೊಡ್ತೀನಿ" ಅಂತ ಹೇಳೋದು ನೀವು ಮಾಡಬಹುದಾದ ಅತಿ ಅಗ್ಗದ ಪೇಂಟ್ ಪ್ರೊಟೆಕ್ಷನ್.

ಕಾಗದದಷ್ಟು ದಪ್ಪ

ಈಗ ಮುಖ್ಯ ವಿಷಯಕ್ಕೆ ಬರೋಣ. ಪಾಲಿಶ್ ಮಾಡೋದು ಅಂದ್ರೆ ಗೀರನ್ನ ಅಳಿಸೋದಲ್ಲ. ಗೀರಿನ ಸುತ್ತಲಿನ ಕ್ಲಿಯರ್ ಕೋಟನ್ನ ಗೀರಿನ ತಳದವರೆಗೆ ಸವೆಸೋದು. ಗುಂಡಿ ಮುಚ್ಚೋಕೆ ಆಗಲ್ಲ ಅಂತ ಇಡೀ ರಸ್ತೆಯನ್ನೇ ಗುಂಡಿಯ ಮಟ್ಟಕ್ಕೆ ಇಳಿಸಿದ ಹಾಗೆ.

ಹಾಗಾದ್ರೆ ಸವೆಸೋಕೆ ಎಷ್ಟಿದೆ? ಕಂಪನಿಯಿಂದ ಬಂದ ಕಾರಿನಲ್ಲಿ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲಾ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್. ಪ್ರಿಂಟರಿಗೆ ಹಾಕುವ ಒಂದು ಎ4 ಹಾಳೆ ಸುಮಾರು 100 ಮೈಕ್ರಾನ್ ಇರುತ್ತೆ. ಅಂದ್ರೆ ತುಕ್ಕಿನಿಂದ ಕಾಯೋ ಪದರದಿಂದ ಹಿಡಿದು ಹೊಳಪಿನವರೆಗೆ ಎಲ್ಲಾ ಹೆಚ್ಚುಕಮ್ಮಿ ಒಂದು ಹಾಳೆಯ ದಪ್ಪ. ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್. ನಯವಾದ ಪಾಲಿಶ್ ಒಂದು ಸಲ ಹೊಡೆದ್ರೆ ಅಂದಾಜು ಒಂದು ಮೈಕ್ರಾನ್, ಕೆಲವು ಸಲ ಅದಕ್ಕೂ ಕಮ್ಮಿ ಹೋಗುತ್ತೆ. ಒರಟು ಕಾಂಪೌಂಡ್, ಕಟಿಂಗ್ ಪ್ಯಾಡ್ ಹಾಕಿದ್ರೆ ಎರಡರಿಂದ ನಾಲ್ಕು. ಹಾಗಾದ್ರೆ ಹತ್ತು ಸಲ ಮಾಡಬಹುದಲ್ಲ ಅಂತ ಅನ್ನಿಸಬಹುದು. ಬಿಸಿಲಿನ ನೇರಳಾತೀತ ಕಿರಣವನ್ನ ತಡೆಯೋದೂ ಇದೇ ಪದರ. ಅದು ತೆಳುವಾಗ್ತಾ ಹೋದ ಹಾಗೆ ಒಂದೆರಡು ಬೇಸಿಗೆ ಕಳೆದ ಮೇಲೆ ಬಿಳಿಚಿಕೊಂಡು ಸಿಪ್ಪೆ ಏಳುತ್ತೆ. ಹಳೇ ಟ್ಯಾಕ್ಸಿಗಳ ಟಾಪ್ ಮೇಲೆ ನೋಡಿರ್ತೀರಲ್ಲ, ಅದು. ಒಮ್ಮೆ ಹೋಯ್ತು ಅಂದ್ರೆ ಯಾವ ಪಾಲಿಶೂ ವಾಪಸ್ ತರಲ್ಲ, ಆ ಭಾಗವನ್ನ ಹೊಸದಾಗಿ ಪೇಂಟ್ ಮಾಡಿಸಬೇಕು.

ಅವಸರದ ಅಪಾಯ ಇರೋದು ಇಲ್ಲೇ. ಸಮಯ ಇಲ್ಲ ಅಂದ ಕೂಡಲೇ ನಮ್ಮ ಕೈ ಒರಟು ಕಾಂಪೌಂಡಿಗೆ, ದೊಡ್ಡ ಮೆಷಿನ್ನಿಗೆ ಹೋಗುತ್ತೆ. ಬೇಗ ಆಗ್ಲಿ ಅಂತ. ಕಪ್ಪು ಕಾರಿನಲ್ಲಿ ಇದು ತದ್ವಿರುದ್ಧ ಕೆಲಸ ಮಾಡುತ್ತೆ. ಯಾಕೆ ಅಂತ ಮುಂದೆ ಲೆಕ್ಕದ ಸಮೇತ ಹೇಳ್ತೀನಿ.

ಶನಿವಾರ ಮಧ್ಯಾಹ್ನದಿಂದ

ಒಂದು ಕಾರನ್ನೇ ಇಟ್ಟುಕೊಂಡು ಹೇಳಿದ್ರೆ ಸುಲಭ. ಹೋದ ಡಿಸೆಂಬರಿನಲ್ಲಿ ಪುಣೆಯ ನಮ್ಮ ಸೊಸೈಟಿಯಲ್ಲೇ ಇರುವ ಧಾರವಾಡದ ಒಬ್ಬರು ಏಳು ವರ್ಷದ ಕಪ್ಪು ಸೆಡಾನ್ ತಂದ್ರು. ಅವರ ತಂದೆ ಓಡಿಸ್ತಿದ್ದ ಕಾರು. ತಂದೆ ಈಗಿಲ್ಲ. ತಂಗಿಯ ಮದುವೆ ಧಾರವಾಡದಲ್ಲಿ, ಮದುವಣಗಿತ್ತಿ ಅಪ್ಪನ ಕಾರಲ್ಲೇ ಕಲ್ಯಾಣ ಮಂಟಪಕ್ಕೆ ಬರಬೇಕು ಅಂತ ತಾಯಿಯ ಆಸೆ. ಕಾರು ಕೈಗೆ ಸಿಕ್ಕಿದ್ದು ಶನಿವಾರ ಮಧ್ಯಾಹ್ನ 2ಕ್ಕೆ, ಅವರು ಹೊರಡೋದು ಸೋಮವಾರ ನಸುಕಿನ 5ಕ್ಕೆ. ಊಟ ನಿದ್ದೆ ಕಳೆದ್ರೆ ಕೆಲಸಕ್ಕೆ ಸಿಗೋದು ಸುಮಾರು 15 ಗಂಟೆ.

ಮೊದಲ ಅರ್ಧ ಗಂಟೆ ಕಾರಿಗೆ ಕೈಯನ್ನೇ ಹಚ್ಚಬೇಡಿ. ಮೊಬೈಲ್ ಟಾರ್ಚ್ ಹಿಡಿದು ಸುತ್ತು ಹಾಕಿ. ಬೇಸ್‌ಮೆಂಟಿನ ಟ್ಯೂಬ್‌ಲೈಟ್ ನಂಬಬೇಡಿ, ಹರಡಿದ ಬೆಳಕಲ್ಲಿ ಎಂಥಾ ಕಾರೂ ಚಂದ ಕಾಣುತ್ತೆ. ಒಂದೇ ಬಿಂದುವಿನಿಂದ ಬರುವ ಬೆಳಕು ಬೇಕು. ಗೀರಿನ ಮೇಲೆ ಉಗುರು ಮೆಲ್ಲಗೆ ಅಡ್ಡ ಆಡಿಸಿ. ಉಗುರು ಸಿಕ್ಕಿಕೊಂಡ್ರೆ ಆ ಗೀರು ಪಾಲಿಶಿಗೆ ಹೋಗುವಂಥದ್ದಲ್ಲ, ಅದನ್ನ ಪಟ್ಟಿಯಿಂದ ತೆಗೆದುಹಾಕಿ.

ಆಮೇಲೆ ತೊಳೆಯೋದು. ಒಂದೂವರೆ ದಿನದ ಕೆಲಸದಲ್ಲಿ ತೊಳೆಯೋಕೆ ಮೂರು ಗಂಟೆ ಕೊಟ್ಟೆ ಅಂದ್ರೆ ಜನ ನಗ್ತಾರೆ. ಮೇಲೆ ಒಂದು ಕಣ ಮರಳು ಉಳಿದ್ರೂ ಮೆಷಿನ್ ಅದನ್ನ ಹಿಡಿದುಕೊಂಡು ಇಡೀ ಬಾನೆಟ್ ಗೀಚುತ್ತೆ, ಹಾಗಾಗಿ ಇಲ್ಲಿ ಉಳಿಸುವ ಅರ್ಧ ಗಂಟೆ ನಾಳೆ ಎರಡು ಗಂಟೆ ತಿನ್ನುತ್ತೆ. ಮೊದಲು ಬರೀ ನೀರು, ಮೇಲಿಂದ ಕೆಳಗೆ. ಆಮೇಲೆ ಕಾರ್ ಶಾಂಪೂ ನೊರೆ ಹಾಕಿ ಐದು ನಿಮಿಷ ಬಿಟ್ಟು ಮತ್ತೆ ನೀರು. ಕೈ ಹಚ್ಚೋದು ಅದರ ನಂತರ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಶಾಂಪೂ, ಒಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಕೈಗವಸು ಒಂದು ಬಾಗಿಲು ಮುಗಿದ ಕೂಡಲೇ ಬರೀ ನೀರಿಗೆ ಹೋಗಿ ಕೊಳೆ ಬಿಟ್ಟು ಬರಬೇಕು. ಬಾಗಿಲಿನ ಕೆಳಭಾಗ, ಬಂಪರ್ ಕೆಳಗೆ, ಚಕ್ರದ ಸುತ್ತ ಬೇರೆ ಬಟ್ಟೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಬಹುದಾ ಅಂತ ತುಂಬಾ ಜನ ಕೇಳ್ತಾರೆ. ಹಳೇ ವ್ಯಾಕ್ಸ್ ತೆಗೆಯೋಕೆ ಒಮ್ಮೆ ಹಾಕಿದ್ರೆ ಬಣ್ಣ ಏನೂ ಹಾರಿಹೋಗಲ್ಲ, ಆದ್ರೆ ಕಾರ್ ಶಾಂಪೂವಿನ ಜಾರುವಿಕೆ ಅದಕ್ಕಿಲ್ಲ. ಕಪ್ಪು ಕಾರಿಗೆ ಬೇಕಾಗಿರೋದೇ ಆ ಜಾರುವಿಕೆ.

ನೀರಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳ್ತೀನಿ, ಯಾಕಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಬರೋದು ಟ್ಯಾಂಕರಿನ ನೀರು ಇಲ್ಲಾ ಬೋರ್‌ವೆಲ್ ನೀರು. ಕುಡಿಯುವ ನೀರಿಗೆ ಬಿಐಎಸ್ ಹೇಳುವ ಟಿಡಿಎಸ್ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರೇ ಸಿಗದಿದ್ರೆ 2000ದವರೆಗೆ ಒಪ್ಪುತ್ತೆ. ಅಂಥ ನೀರಿನ ಒಂದು ಹನಿ ಬಿಸಿ ಕಪ್ಪು ಬಾನೆಟ್ ಮೇಲೆ ಒಣಗಿದ್ರೆ ಅದರಲ್ಲಿದ್ದ ಸುಣ್ಣದಂಶ ಎಲ್ಲಾ ಉಂಗುರದ ಹಾಗೆ ಅಲ್ಲೇ ಕೂರುತ್ತೆ. ಗೀಸರ್ ಕಾಯಿಲ್ ಮೇಲೆ ಕೂರುತ್ತಲ್ಲ, ಅದೇ. ಹೊಸ ಕಲೆಗೆ ಬಿಳಿ ವಿನೆಗರ್, ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಒತ್ತಿ ಒಂದು ನಿಮಿಷ ಇಟ್ಟು ತೊಳೆದ್ರೆ ಕರಗುತ್ತೆ. ಹಳೇ ಕಲೆ ಕ್ಲಿಯರ್ ಕೋಟನ್ನೇ ಕೊರೆದಿರುತ್ತೆ, ಅದು ಪಾಲಿಶಿಗೇ ಬರಬೇಕು. ಕೊನೆಯ ಒಂದು ಬಕೆಟ್ ಮಾತ್ರ ಮೃದು ನೀರು ಸಿಗುತ್ತಾ ನೋಡಿ. ಎಸಿಯಿಂದ ತೊಟ್ಟಿಕ್ಕುವ ನೀರನ್ನ ಎರಡು ರಾತ್ರಿ ಕೂಡಿಹಾಕಿದ್ರೆ ಸಾಕು, ಅದು ಗಾಳಿಯ ಆವಿ ತಂಪಾಗಿ ಆದ ನೀರು, ಸುಣ್ಣದಂಶ ಇರಲ್ಲ ಅಂತಲೇ ಹೇಳಬಹುದು. ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ. ಆರ್‌ಓ ಮೆಷಿನ್ ಹೊರಗೆ ಬಿಡುವ ನೀರನ್ನ ಕಾರಿಗೆ ಬಳಸುವ ಅಭ್ಯಾಸ ಕೆಲವು ಮನೆಯಲ್ಲಿದೆ. ನೀರು ಉಳಿಸುವ ಉದ್ದೇಶ ಒಳ್ಳೇದೇ, ಆದ್ರೆ ಲವಣ ಎಲ್ಲಾ ಸೇರಿಕೊಂಡಿರೋದು ಅದರಲ್ಲೇ. ನೆಲ ಒರೆಸಿ, ಕಪ್ಪು ಕಾರಿಗೆ ಬೇಡ.

ಒರೆಸಿದ ಮೇಲೆ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಾನೆಟ್ ಸವರಿ ನೋಡಿ. ಸಣ್ಣ ರವೆ ಥರ ತಾಗಿದ್ರೆ ಬ್ರೇಕ್ ಧೂಳು, ಕಬ್ಬಿಣದ ಕಣ, ಡಾಂಬರು ಅಂಟಿದೆ ಅಂತ. ಐರನ್ ರಿಮೂವರ್ ಹೊಡೆದ್ರೆ ಕಬ್ಬಿಣ ಇರುವ ಕಡೆ ನೇರಳೆ ಬಣ್ಣ ಇಳಿಯುತ್ತೆ. ಉಳಿದದ್ದಕ್ಕೆ ಕ್ಲೇ ಬಾರ್. ಕ್ಲೇ ಕೂಡಾ ಕಪ್ಪು ಬಣ್ಣದ ಮೇಲೆ ಸಣ್ಣಗೆ ಗೀಚುತ್ತೆ, ಹಾಗಾಗಿ ಎಲ್ಲಿ ಒರಟು ತಾಗುತ್ತೋ ಅಲ್ಲಿಗಷ್ಟೇ, ಧಾರಾಳವಾಗಿ ಶಾಂಪೂ ನೀರು ಹಾಕಿ. ನಾಳೆ ಪಾಲಿಶ್ ಮಾಡದ ಭಾಗಕ್ಕೆ ಕ್ಲೇ ಮುಟ್ಟಿಸಲೇಬೇಡಿ.

ಸಂಜೆ ಪೇಂಟ್ ಮೀಟರ್ ಇಟ್ಟು ಅಳೆದೆ. ಬಾನೆಟ್, ಫೆಂಡರ್, ಡಿಕ್ಕಿ 110ರಿಂದ 125. ಬಲಗಡೆ ಹಿಂದಿನ ಬಾಗಿಲು 240. ಅದು ಯಾವತ್ತೋ ಮರುಪೇಂಟ್ ಆಗಿದೆ ಅಂತ ಅರ್ಥ. ಮನೆಯವರಿಗೂ ಗೊತ್ತಿರಲಿಲ್ಲ. ಮರುಪೇಂಟ್ ಅಂದ್ರೆ ದಪ್ಪ ಇದೆ ಅಂತ ಧೈರ್ಯ ಮಾಡಬೇಡಿ, ಅದರಲ್ಲಿ ಕ್ಲಿಯರ್ ಎಷ್ಟು, ಬಣ್ಣ ಎಷ್ಟು ಅಂತ ಮೀಟರ್ ಹೇಳಲ್ಲ. ಮೇಲ್ಗಡೆ ಟಾಪ್ 82. ಅಲ್ಲಿಗೆ ನಿಂತೆ. ಟಾಪ್ ಹಿಂದೆ ಯಾವಾಗ್ಲೋ ಚೆನ್ನಾಗಿ ಉಜ್ಜಿಸಿಕೊಂಡಿರಬೇಕು, ಮೇಲಾಗಿ ಬಿಸಿಲು ಬೀಳೋದು ಅದರ ಮೇಲೇ ಹೆಚ್ಚು. ಟಾಪಿಗೆ ಮೆಷಿನ್ ಇಡಲ್ಲ ಅಂತ ಅಲ್ಲೇ ತೀರ್ಮಾನ ಆಯ್ತು. ನೆಂಟರಲ್ಲಿ ಆರೂವರೆ ಅಡಿ ಎತ್ತರದವರು ಯಾರೂ ಇಲ್ಲ ಅಂತ ಮನೆಯವರೂ ಒಪ್ಪಿದ್ರು. ಬಂಪರ್ ಪ್ಲಾಸ್ಟಿಕ್, ಸಾಮಾನ್ಯ ಮೀಟರ್ ಅದನ್ನ ಅಳೆಯಲ್ಲ. ಪ್ಲಾಸ್ಟಿಕ್ಕಿಗೆ ಶಾಖ ಬೇಗ ಹರಡೋಕೆ ಬರಲ್ಲ, ಮೆಷಿನ್ ಒಂದೇ ಕಡೆ ನಿಂತ್ರೆ ಬಣ್ಣ ಸುಡುತ್ತೆ. ಅಲ್ಲಿ ಕೈ ಹಗುರ ಇರಲಿ.

ಮೀಟರ್ ಇಲ್ಲದವರು ಏನ್ ಮಾಡ್ಬೇಕು? ನಯವಾದ ಪಾಲಿಶಿಗಷ್ಟೇ ಅಂಟಿಕೊಳ್ಳಿ. ಬಾಗಿಲಿನ ಅಂಚು, ಬಾನೆಟ್ಟಿನ ಗೆರೆ ಎಲ್ಲಾ ಮಾಸ್ಕಿಂಗ್ ಟೇಪ್ ಹಾಕಿ ಮುಚ್ಚಿ. ಅಂಚಿನಲ್ಲಿ ಬಣ್ಣ ಯಾವಾಗ್ಲೂ ತೆಳು, ಸುಟ್ಟುಹೋಗೋದು ಹೆಚ್ಚಾಗಿ ಅಲ್ಲೇ. ಕಪ್ಪು ರಬ್ಬರ್, ಪ್ಲಾಸ್ಟಿಕ್ ಪಟ್ಟಿಗಳಿಗೂ ಟೇಪ್, ಇಲ್ಲದಿದ್ರೆ ಪಾಲಿಶ್ ಒಣಗಿ ಬಿಳಿ ಗೆರೆ ಕೂತು ಮದುವೆ ಫೋಟೋದಲ್ಲಿ ನಗುತ್ತೆ.

ಲೆಕ್ಕ

ಅವಸರದಲ್ಲಿ ನಿರ್ಧಾರ ಮಾಡೋಕೆ ಅನುಭವಕ್ಕಿಂತ ಲೆಕ್ಕ ಹೆಚ್ಚು ಉಪಯೋಗಕ್ಕೆ ಬರುತ್ತೆ, ಮಾಡಿ ತೋರಿಸ್ತೀನಿ. ಐದು ಇಂಚಿನ ಪ್ಯಾಡ್ ಇರುವ ಡಿಎ ಪಾಲಿಶರ್. ಡಿಎ ಅಂದ್ರೆ ಪ್ಯಾಡ್ ತನ್ನ ಸುತ್ತ ತಿರುಗ್ತಾ ಜೊತೆಗೆ ಅಲ್ಲಾಡುತ್ತೆ, ಒಂದೇ ಜಾಗವನ್ನ ಕೊರೆಯಲ್ಲ. ಒಂದು ಸಲಕ್ಕೆ ಒಂದೂವರೆ ಅಡಿ ಚೌಕ ತಗೊಳ್ಳಿ. ಪ್ಯಾಡಿನ ಅರ್ಧ ಹಿಂದಿನ ಸಾಲಿನ ಮೇಲೆ ಬರುವ ಹಾಗೆ ಹೋದ್ರೆ ಒಂದು ಚೌಕಕ್ಕೆ ಏಳು ಸಾಲು, ಒಟ್ಟು ಸುಮಾರು 126 ಇಂಚು. ಕೈ ಓಡಬೇಕಾದ್ದು ಸೆಕೆಂಡಿಗೆ ಒಂದೂವರೆ ಇಂಚು. ಹಾಗಾಗಿ ಒಂದು ಸುತ್ತಿಗೆ 84 ಸೆಕೆಂಡು. ಅಂಥ ನಾಲ್ಕು ಸುತ್ತು, ಸುಮಾರು ಐದೂವರೆ ನಿಮಿಷ. ಒರೆಸಿ, ಟಾರ್ಚ್ ಬಿಟ್ಟು ನೋಡೋದು ಸೇರಿ ಏಳು ನಿಮಿಷ. ಒಂದು ಸೆಡಾನಿನಲ್ಲಿ ಅಂಥ ಸುಮಾರು 45 ಚೌಕ. ಅಲ್ಲಿಗೆ 315 ನಿಮಿಷ, ಐದೂಕಾಲು ಗಂಟೆ. ಇದು ನೀರು ಕುಡಿಯೋಕೂ ನಿಲ್ಲದೆ, ಒಂದೇ ಸಲದ ಪಾಲಿಶಿಗೆ.

ಈಗ ಒರಟು ಕಾಂಪೌಂಡಿಂದ ಶುರು ಮಾಡಿದ್ರೆ? ಅದು ಆಳದ ಗೀರನ್ನೂ ತೆಗೆಯುತ್ತೆ ನಿಜ. ಆದ್ರೆ ಕಪ್ಪು ಬಣ್ಣದ ಮೇಲೆ ತನ್ನದೇ ಒಂದು ಮಬ್ಬು ಬಿಟ್ಟುಹೋಗುತ್ತೆ, ಹಾಲಿನ ಕೆನೆ ಸವರಿದ ಹಾಗೆ. ಬಿಳಿ ಕಾರಿನಲ್ಲಿ ಆ ಮಬ್ಬು ಯಾರಿಗೂ ಕಾಣಲ್ಲ, ಅಲ್ಲಿಗೇ ನಿಲ್ಲಿಸಿ ಮನೆಗೆ ಹೋಗಬಹುದು. ಕಪ್ಪಿನಲ್ಲಿ ಹೋಗೋ ಹಾಗಿಲ್ಲ. ಮಬ್ಬು ತೆಗೆಯೋಕೆ ಎರಡನೇ ಸಲ ನಯವಾದ ಪಾಲಿಶ್ ಬೇಕೇ ಬೇಕು. ಐದೂಕಾಲು ಗಂಟೆ ಹತ್ತೂವರೆ ಆಯ್ತು. ಅರ್ಧಕ್ಕೆ ಸಮಯ ಮುಗಿದ್ರೆ ಕಾರು ತಂದಾಗ ಇದ್ದದ್ದಕ್ಕಿಂತ ಕೆಟ್ಟದಾಗಿ ವಾಪಸ್ ಹೋಗುತ್ತೆ. ನಯವಾದ ಪಾಲಿಶಿನಲ್ಲಿ ಹಾಗಾಗಲ್ಲ. ಅದು ಮುಟ್ಟಿದ ಪ್ರತಿ ಚೌಕವೂ ಅಲ್ಲಿಗಲ್ಲಿಗೆ ಮುಗಿದ ಕೆಲಸ. ಯಾವ ಗಳಿಗೆಯಲ್ಲಿ ಫೋನ್ ಬಂದು ಹೊರಡಬೇಕಾದ್ರೂ ಅಲ್ಲಿವರೆಗೆ ಮಾಡಿದ್ದು ಚಂದವೇ ಇರುತ್ತೆ.

ಅದಕ್ಕೇ ಅವಸರದ ಕೆಲಸದಲ್ಲಿ ಟೆಸ್ಟ್ ಸ್ಪಾಟನ್ನ ನಾನು ಬೇರೆ ಥರ ನೋಡ್ತೀನಿ. ಸಾಮಾನ್ಯವಾಗಿ ಜನ ಒಂದು ಚೌಕ ಮಾಡಿ ಗೀರು ಎಷ್ಟು ಹೋಯ್ತು ಅಂತ ನೋಡ್ತಾರೆ. ನೀವು ಮಬ್ಬು ಉಳೀತಾ ಅಂತ ನೋಡಿ. ಮೆತ್ತನೆಯ ಫೋಮ್ ಪ್ಯಾಡ್, ನಯ ಪಾಲಿಶ್, ಕಡಲೆಕಾಳಿನಷ್ಟು ನಾಲ್ಕು ಹನಿ. ಮುಗಿದ ಮೇಲೆ ಟಾರ್ಚ್ ಬಿಡಿ. ಬಿಂಬ ಚೂಪಾಗಿ, ಸುತ್ತ ಕಪ್ಪು ನಿಜವಾಗಿ ಕಪ್ಪಾಗಿ ಇದ್ದು, ಗೀರು ಅರ್ಧಕ್ಕರ್ಧ ಕಮ್ಮಿ ಆಗಿದ್ರೆ ಅದೇ ನಿಮ್ಮ ಜೋಡಿ. ಬದಲಿಸಬೇಡಿ. ಏನೇನೂ ಆಗಿಲ್ಲ ಅಂದ್ರೆ ಪಾಲಿಶ್ ಅದೇ ಇರಲಿ, ಪ್ಯಾಡ್ ಮಾತ್ರ ಒಂದು ಮೆಟ್ಟಿಲು ಗಟ್ಟಿ ಹಾಕಿ. ಜಪಾನಿ ಕಾರಿನ ಪೇಂಟ್ ಮೆತ್ತಗೆ, ಜರ್ಮನ್ ಗಟ್ಟಿ ಅಂತ ಒಂದು ಮಾತಿದೆ. ಅದನ್ನ ನಂಬಿ ಕೆಲಸ ಶುರು ಮಾಡೋಕಿಂತ ಈ ಹದಿನೈದು ನಿಮಿಷ ಖರ್ಚು ಮಾಡೋದು ಮೇಲು. ಈ ಕಾರಿನಲ್ಲಿ ಶನಿವಾರ ರಾತ್ರಿ 8ಕ್ಕೆ ಮೊದಲ ಚೌಕದಲ್ಲೇ ಸರಿಹೋಯ್ತು, ಭಾನುವಾರ ಪೂರ್ತಿ ಅದನ್ನೇ ಓಡಿಸಿದೆ.

ಕೈಯ ವಿಷಯ. ಗಡಿಯಾರ ನೋಡ್ತಾ ನೋಡ್ತಾ ಕೈ ತಾನಾಗೇ ಜೋರಾಗುತ್ತೆ. ಸೆಕೆಂಡಿಗೆ ನಾಲ್ಕೈದು ಇಂಚು ಓಡಿಸಿದ್ರೆ ಮೆಷಿನ್ ಸದ್ದು ಮಾಡುತ್ತೆ, ಕೆಲಸ ಮಾಡಲ್ಲ. ಒತ್ತಿ ಹಿಡಿದ್ರೂ ಅಷ್ಟೇ, ಡಿಎ ಪ್ಯಾಡ್ ತಿರುಗೋದು ನಿಲ್ಲಿಸಿ ಬರೀ ನಡುಗುತ್ತೆ. ಪ್ಯಾಡ್ ಕೂರುವ ಪ್ಲೇಟಿನ ಬದಿಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಗೆರೆ ಸುತ್ತುತ್ತಿರೋದು ಕಂಡ್ರೆ ಸರಿ. ಪ್ರತಿ ಚೌಕದ ನಂತರ ಪ್ಯಾಡನ್ನ ಬ್ರಷ್ ಹಾಕಿ ಕೊಡವಿ, ಎರಡು ಪ್ಯಾನೆಲಿಗೊಮ್ಮೆ ಬೇರೆ ಪ್ಯಾಡ್ ಹಾಕಿ. ಐದಾರು ಪ್ಯಾಡ್ ಬೇಕಾಗುತ್ತೆ. ಬಟ್ಟೆ ನೆಲಕ್ಕೆ ಬಿತ್ತಾ, ಆ ಬಟ್ಟೆ ಇವತ್ತಿಗೆ ಮುಗೀತು, ಕೊಡವಿ ಮತ್ತೆ ಹಚ್ಚಬೇಡಿ.

ನಮ್ಮ ಕಷ್ಟ ಬೇರೆ ಇತ್ತು. ಪುಣೆಯಲ್ಲಿ ಮಧ್ಯಾಹ್ನದ 1ರಿಂದ 4 ಅಂದ್ರೆ ಪವಿತ್ರ, ಭಾನುವಾರವಂತೂ ಕೇಳಲೇಬೇಡಿ. ಸ್ಟಿಲ್ಟ್ ಪಾರ್ಕಿಂಗಿನಲ್ಲಿ ಮೆಷಿನ್ ಹಾಕಿದ್ರೆ ಮೊದಲನೇ ಮಹಡಿಯ ಆಜೋಬಾ ಕೆಳಗೆ ಬಂದು ನಿಲ್ತಾರೆ. ಹಾಗಾಗಿ ಬೆಳಗ್ಗೆ 8ರಿಂದ 1ರವರೆಗೆ ಬಾನೆಟ್, ಎರಡೂ ಮುಂದಿನ ಬಾಗಿಲು, ಫೆಂಡರ್, ಡಿಕ್ಕಿ. ಕಣ್ಣೆತ್ತರದ್ದು, ಫೋಟೋಕ್ಕೆ ಬರೋದು ಮೊದಲು. ಮಧ್ಯಾಹ್ನ ಸದ್ದಿಲ್ಲದ ಕೆಲಸ: ಗಾಜು, ಒಳಗಿನ ಧೂಳು, ಟೈರು, ಬಾಗಿಲು ಸಂದಿ. 4ರ ಮೇಲೆ ಹಿಂದಿನ ಬಾಗಿಲು, ಹಿಂದಿನ ಫೆಂಡರ್, ಹಗುರಕ್ಕೆ ಬಂಪರ್. ಟಾಪಿಗೆ ಏನೂ ಇಲ್ಲ, ಬಾಗಿಲಿನ ಮಂಡಿಯೆತ್ತರದ ಕೆಳಗೂ ಇಲ್ಲ. ಬಿಟ್ಟದ್ದರಿಂದ ಉಳಿದದ್ದು ಒಂದು ಗಂಟೆಗೂ ಹೆಚ್ಚು, ಅದನ್ನ ಬಾನೆಟ್ಟಿಗೆ ಕೊಟ್ಟೆ.

ಎಡಗಡೆ ಮುಂದಿನ ಬಾಗಿಲ ಮೇಲೆ ಕೀಲಿ ಎಳೆದ ಒಂದು ಗೀರಿತ್ತು, ಒಂದು ಗೇಣುದ್ದ. ಉಗುರು ಸರಿಯಾಗಿ ಸಿಕ್ಕಿಕೊಳ್ತಿತ್ತು. "ಸರ, ಇದೊಂದರ ತಗದ ಕೊಡ್ರಿ, ತಂಗಿ ಇದ ಬಾಗಲದಿಂದ ಇಳೀತಾಳ" ಅಂದ್ರು. ಅದನ್ನ ತೆಗೆಯೋಕೆ ಹೋದ್ರೆ ಅಲ್ಲಿಯ ಕ್ಲಿಯರ್ ಕೋಟಿನ ಬಹುಪಾಲು ಹೋಗುತ್ತೆ, ಎರಡು ವರ್ಷದಲ್ಲಿ ಬಾಗಿಲು ಬಿಳಿಚಿಕೊಳ್ಳುತ್ತೆ ಅಂತ ಮೀಟರ್ ತೋರಿಸಿ ಹೇಳಿದೆ. ಸ್ವಲ್ಪ ಹೊತ್ತು ಬಾಗಿಲ ಮೇಲೆ ಕೈಯಿಟ್ಟು ನಿಂತ್ರು. "ಹಂಗಿದ್ರ ಬ್ಯಾಡ ಬಿಡ್ರಿ. ಅಪ್ಪಾರ ಗಾಡಿ, ಇನ್ನಾ ಭಾಳ ದಿನಾ ಇರಬೇಕದು" ಅಂದ್ರು. ಕಪ್ಪು ಬಣ್ಣದ ಒಂದು ಉಪಕಾರ ಅಂದ್ರೆ ಟಚ್-ಅಪ್ ಪೇಂಟ್ ಸುಲಭಕ್ಕೆ ಹೊಂದುತ್ತೆ, ಅದರಲ್ಲೂ ಮೆಟಾಲಿಕ್ ಇಲ್ಲದ ಸಾದಾ ಕಪ್ಪು. ಕಲರ್ ಕೋಡ್ ಕಾರಿನ ಸ್ಟಿಕರಿನಲ್ಲಿರುತ್ತೆ, ಹೆಚ್ಚಾಗಿ ಬಾಗಿಲಿನ ಕಂಬದ ಮೇಲೋ ಬಾನೆಟ್ ಒಳಗೋ. ಅತಿ ಸಣ್ಣ ಬ್ರಷ್ಷಿನಲ್ಲಿ ಗೀರಿನ ಒಳಗಷ್ಟೇ ಎರಡು ತೆಳು ಎಳೆ. ಉಜ್ಜಿ ಸಮ ಮಾಡೋಕೆ ಹೋಗಲಿಲ್ಲ, ಅದಕ್ಕೆ ಪೇಂಟ್ ಪೂರ್ತಿ ಒಣಗಬೇಕು, ದಿನಗಳು ಬೇಕು. ಮೂರು ಅಡಿ ದೂರಕ್ಕೆ ಬೆಳ್ಳಗೆ ಹೊಳೆಯೋದು ನಿಂತ್ರೆ ಆ ಮದುವೆಗೆ ಅಷ್ಟು ಸಾಕು.

ಇಲ್ಲಿ ರಬ್ಬಿಂಗ್ ಪಾಲಿಶ್ ಬಗ್ಗೆ ಕೇಳೇ ಕೇಳ್ತೀರಿ. ರಸ್ತೆ ಬದಿಯಲ್ಲಿ ಎರಡು ಗಂಟೆಗೆ ಮಾಡಿಕೊಡ್ತಾರಲ್ಲ, ಉಣ್ಣೆಯ ಪ್ಯಾಡ್, ರೋಟರಿ ಮೆಷಿನ್. ರೋಟರಿ ಕೆಟ್ಟ ಮೆಷಿನ್ ಅಲ್ಲ, ಪಳಗಿದ ಕೈಯಲ್ಲಿ ಅದ್ಭುತ ಕೆಲಸ ಮಾಡುತ್ತೆ. ಆದ್ರೆ ಎರಡು ಗಂಟೆಯಲ್ಲಿ ಇಡೀ ಕಪ್ಪು ಕಾರು ಅಂದ್ರೆ ಮೇಲಿನ ಲೆಕ್ಕಕ್ಕೆ ಹೇಗೂ ಕೂರಲ್ಲ. ಕಾಂಪೌಂಡಿನ ಎಣ್ಣೆ ಗೀರಿನೊಳಗೆ ತುಂಬಿಕೊಂಡು ಆ ದಿನ ಮಿರಿಮಿರಿ ಹೊಳೆಯುತ್ತೆ. ಎರಡು ಸಲ ತೊಳೆದ ಮೇಲೆ ಬಿಸಿಲಲ್ಲಿ ನೋಡಿ, ನವಿಲುಗರಿಯ ಹಾಗೆ ಪಟ್ಟೆ ಪಟ್ಟೆಯಾಗಿ ಓಡುವ ನೆರಳು ಕಾಣುತ್ತೆ. ಹಾಲೋಗ್ರಾಂ ಅಂತಾರೆ. ಕ್ಲಿಯರ್ ಕೋಟೂ ಹೋಯ್ತು, ಗೀರೂ ಹೊಸದಾಗಿ ಬಂತು.

ಗೀರು ಮುಚ್ಚುವ ಗ್ಲೇಜ್‌ಗಳೂ ಸಿಗುತ್ತವೆ. ಅದನ್ನ ನಾನು ಮೋಸ ಅನ್ನಲ್ಲ. ಮೆಷಿನ್ನೇ ಇಲ್ಲ, ನಾಳೆ ಬೆಳಗ್ಗೆ ಹೊರಡಬೇಕು ಅನ್ನೋರು ಚೆನ್ನಾಗಿ ತೊಳೆದು ಕೈಯಲ್ಲೇ ಗ್ಲೇಜ್ ಹಚ್ಚಿ, ಮೇಲೆ ವ್ಯಾಕ್ಸ್ ಸವರಿ. ಮದುವೆಯ ಎರಡು ದಿನ ದಾಟುತ್ತೆ. ಮುಖಕ್ಕೆ ಪೌಡರ್ ಹಚ್ಚಿದ ಹಾಗೆ ಅಂತ ನಿಮಗೆ ಗೊತ್ತಿದ್ರೆ ಸಾಕು. ಮಾರೋ ಕಾರಿಗೆ ಹಚ್ಚಿ ಪೇಂಟ್ ಹೊಸದರ ಹಾಗಿದೆ ಅಂತ ಹೇಳೋದು ಮಾತ್ರ ಬೇಡ.

ಮೇಲಿನ ಹೊದಿಕೆ, ಹೂವು, ಕುಂಕುಮ

ಪಾಲಿಶ್ ಆದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಶೇ. 10ರಿಂದ 15ಕ್ಕೆ ನೀರಲ್ಲಿ ಬೆರೆಸಿ ಹಗುರಕ್ಕೆ ಒರೆಸಿ. ಎಣ್ಣೆ ಹೋಗಿ ನಿಜವಾದ ಪೇಂಟ್ ಕಾಣುತ್ತೆ. ಬಟ್ಟೆ ಒದ್ದೆ ಇರಲಿ, ಕಪ್ಪಿನ ಮೇಲೆ ಒಣ ಮೈಕ್ರೋಫೈಬರ್ ಕೂಡಾ ಗೆರೆ ಬಿಡುತ್ತೆ.

ಇದರ ಮೇಲೆ ಸೆರಾಮಿಕ್ ಕೋಟಿಂಗ್ ಹಾಕಿಸಿಬಿಡೋಣ ಅನ್ನಿಸುತ್ತೆ. ಒಂದೂವರೆ ದಿನದ ಕೆಲಸಕ್ಕೆ ಬೇಡ. ಮೊದಲ ಒಂದು ದಿನವಾದ್ರೂ ಅದಕ್ಕೆ ನೀರು, ಇಬ್ಬನಿ ತಾಗಬಾರದು, ಆಮೇಲೂ ಕೆಲವು ದಿನ ಶಾಂಪೂ ಹಾಕಬಾರದು. ನಸುಕಿಗೆ ಹೆದ್ದಾರಿ ಹಿಡಿಯೋ ಕಾರಿಗೆ ಆ ಪುರುಸೊತ್ತು ಎಲ್ಲಿದೆ? ಜೊತೆಗೆ ಕೋಟಿಂಗ್ ಕೆಳಗೆ ಉಳಿದ ಗೀರು ಅದರೊಳಗೇ ಬಂದಿ. ಸ್ಪ್ರೇ ಸೀಲೆಂಟ್ ಒಂದು ಸುತ್ತು ಹೊಡೆದು ಒರೆಸಿ, ಅರ್ಧ ಗಂಟೆಯ ಕೆಲಸ, ಕೆಲವು ವಾರ ಇರುತ್ತೆ. ಸೆರಾಮಿಕ್ ಬೇಕಿದ್ರೆ ಮದುವೆ ಮುಗಿಸಿ ಬಂದ ಮೇಲೆ ನಿಧಾನಕ್ಕೆ.

ಇಷ್ಟೆಲ್ಲಾ ಮಾಡಿದ ಬಾನೆಟ್ಟನ್ನ ಹಾಳು ಮಾಡೋದು ಸಾಮಾನ್ಯವಾಗಿ ಹೂವಿನವರು. ಮದುವೆ ಕಾರಿನ ಅಲಂಕಾರ ಸೆಲ್ಲೋ ಟೇಪಿನಲ್ಲಿ ನಿಲ್ಲುತ್ತೆ. ಸೀಲೆಂಟ್ ಹಚ್ಚಿದ ಬಾನೆಟ್ ಮೇಲೆ ಟೇಪ್ ಸರಿಯಾಗಿ ಅಂಟಲ್ಲ, ಅವರು ಇನ್ನೂ ಹತ್ತು ಪಟ್ಟಿ ಹಾಕಿ ಒತ್ತಿ ಉಜ್ಜುತ್ತಾರೆ. ಹೂವು ಕಟ್ಟಿದ ತಂತಿಯ ತುದಿ ಕೆಳಗೆ ಚುಚ್ಚಿಕೊಂಡಿರುತ್ತೆ. ಗ್ರಿಲ್ಲಿಂದ ಎರಡೂ ಕನ್ನಡಿಗೆ ಬಟ್ಟೆಯ ರಿಬ್ಬನ್ ಕಟ್ಟಿ ಅದಕ್ಕೆ ಹೂವು ಹಾಕಿ ಅಂತ ಮೊದಲೇ ಹೇಳಿ. ಮನೆಯಿಂದ ಮಂಟಪದವರೆಗೆ ನಿಧಾನಕ್ಕೆ ಹೋಗೋಕೆ ಅದು ಸಾಕು, ಜೋರಾಗಿ ಓಡಿಸಿದ್ರೆ ರಿಬ್ಬನ್ನೂ ಬಡಿದು ಗೀಚುತ್ತೆ. ಹೂವನ್ನ ಅದೇ ರಾತ್ರಿ ತೆಗೆಸಿ. ಇಬ್ಬನಿಯಲ್ಲಿ ನೆನೆದ ಗುಲಾಬಿ ಎಸಳು ಬೆಳಗ್ಗೆವರೆಗೆ ಅಂಟಿಕೊಂಡ್ರೆ ಅದರ ಆಕಾರದಲ್ಲೇ ಕಲೆ ಉಳಿಯಬಹುದು.

ಪೂಜೆ ಮಾಡೇ ಮಾಡ್ತಾರೆ, ಮಾಡಲಿ. ಅರಿಶಿನ ಕುಂಕುಮ ಇಟ್ಟದ್ದನ್ನ ಒಣಗಿದ ಮೇಲೆ ಸೆರಗಿನ ತುದಿಯಿಂದ ಒರೆಸೋದು ಮಾತ್ರ ತಪ್ಪಿಸಿ. ಪುಡಿ ಕಣ್ಣಿಗೆ ನಯ, ಬಟ್ಟೆಯ ಕೆಳಗೆ ಸಿಕ್ಕಿದ್ರೆ ಕಪ್ಪು ಪೇಂಟಿಗೆ ಒರಟು. ಒಂದು ಚೊಂಬು ನೀರು ಸುರಿದು ನೆನೆಯೋಕೆ ಬಿಟ್ಟು, ಮತ್ತೆ ಸುರಿದ್ರೆ ತಾನೇ ಇಳಿದುಹೋಗುತ್ತೆ. ತೆಂಗಿನಕಾಯಿ ನೀರು ಚಿಮ್ಮಿದ ಕಡೆಗೂ ಒಂದು ಚೊಂಬು.

ಪುಣೆಯಿಂದ ಧಾರವಾಡ ಸುಮಾರು 400 ಕಿ.ಮೀ. ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ದಾಟಿ ಹೋಗುವಷ್ಟರಲ್ಲಿ ಮುಂದಿನ ಬಂಪರ್ ತುಂಬಾ ಹುಳ, ಬಾಗಿಲ ಮೇಲೆ ರಸ್ತೆ ಕಾಮಗಾರಿಯ ಧೂಳು ಕೂರುತ್ತೆ. ಮನೆ ಮುಂದೆ ನಿಂತ ಕೂಡಲೇ ಊರಿನ ಹುಡುಗರು ಪ್ರೀತಿಯಿಂದ ಒಣಬಟ್ಟೆ ಹಿಡಿದು ಬರ್ತಾರೆ. ಅದಕ್ಕೇ ಡಿಕ್ಕಿಯಲ್ಲಿ ಎರಡು ದೊಡ್ಡ ಮೈಕ್ರೋಫೈಬರ್ ಟವೆಲ್, ಒಂದು ಸಣ್ಣ ಬಾಟಲಿ ಶಾಂಪೂ, ಐದು ಲೀಟರಿನ ಕ್ಯಾನಿನಲ್ಲಿ ಉಳಿದ ಎಸಿ ನೀರು ಇಟ್ಟು ಕಳಿಸಿದೆ. ಹುಳ ಬಿದ್ದ ಕಡೆ ಒದ್ದೆ ಟವೆಲ್ ಹತ್ತು ನಿಮಿಷ ಹೊದಿಸಿ ಆಮೇಲೆ ಎತ್ತಬೇಕು, ತಿಕ್ಕಬಾರದು. ಉಳಿದ ಕಾರಿಗೆ ಪೈಪಿನಲ್ಲಿ ನೀರು ಬಿಟ್ಟು, ನೆರಳಲ್ಲಿ ನಿಲ್ಲಿಸಿ, ಟವೆಲನ್ನ ಎಳೆಯದೆ ಮೇಲೆ ಹರಡಿ ಒತ್ತಿ ನೀರು ಹೀರಿಸಿ. ಕ್ಯಾನಿನ ನೀರು ಬಾನೆಟ್ಟಿಗೆ, ಕೊನೆಗೆ.